ಡಬಲ್ ಆರ್ಮ್ ಟಿವಿ ಬ್ರಾಕೆಟ್: ಕಬ್ಬಿಣ ಗಟ್ಟಿ, ಗೋಡೆ?

ಚಿಕ್ಕಮಗಳೂರಿನ ಹೊಸ ಮನೆಗಳಲ್ಲಿ ಹಾಲಿನ ಒಂದು ಗೋಡೆಯನ್ನೇ ಟಿವಿ, ಸೌಂಡ್‌ಬಾರ್, ಪ್ಲೇಸ್ಟೇಷನ್‌ಗೆ ಬಿಟ್ಟುಕೊಡುವುದು ಈಗ ಮಾಮೂಲು. ಗೋಡೆಗೆ ಅಂಟಿಕೊಂಡೇ ಇರುವ ಫಿಕ್ಸೆಡ್ ಬ್ರಾಕೆಟ್ ಬದಲು, ಮುಂದಕ್ಕೆ ಎಳೆದು ಸೋಫಾ ಕಡೆಗೋ ಊಟದ ಮೇಜಿನ ಕಡೆಗೋ ತಿರುಗಿಸಬಹುದಾದ ಡಬಲ್ ಆರ್ಮ್ ಬ್ರಾಕೆಟ್ ಕೊಳ್ಳಬಹುದೇ? ಸರಕು ಚೆನ್ನಾಗಿದೆ, ಕೊಳ್ಳಬಹುದು. ಆದರೆ ಸ್ಕ್ರೂ ಹಿಡಿಯಲೆಂದು ಗೋಡೆಯ ತೂತಿಗೆ ತೂರಿಸುವ, ಡಬ್ಬದೊಳಗಿನ ಪ್ಲಾಸ್ಟಿಕ್ ಪ್ಲಗ್ಗುಗಳನ್ನು ನಂಬುವಂತಿಲ್ಲ. ಗೋಡೆ ಯಾವುದೆಂದು ತಿಳಿಯದೆ ಆರ್ಡರ್ ಮಾಡುವಂತೆಯೂ ಇಲ್ಲ.

ಡಬ್ಬದ ಮೇಲೆ 50 ಕೆಜಿ ತಡೆಯುತ್ತದೆ ಎಂದು ಬರೆದಿದ್ದರೆ ಅದು ಕಬ್ಬಿಣದ ತಾಕತ್ತು, ಗೋಡೆಯದಲ್ಲ. 55 ಇಂಚಿನ ಟಿವಿ 16 ಕೆಜಿ ಎಂದಿಟ್ಟುಕೊಳ್ಳಿ. ತೋಳನ್ನು 45 ಸೆಂ.ಮೀ. ಹೊರಗೆ ಎಳೆದಾಗ, ಗೋಡೆಯ ಪ್ಲೇಟಿನಲ್ಲಿ ಮೇಲಿನ ಮತ್ತು ಕೆಳಗಿನ ಬೋಲ್ಟುಗಳ ನಡುವೆ 20 ಸೆಂ.ಮೀ. ಅಂತರವಿದ್ದರೆ, ಮೇಲಿನ ಬೋಲ್ಟುಗಳನ್ನು ಗೋಡೆಯಿಂದ ಕೀಳುವ ಎಳೆತ 36 ಕೆಜಿಯಷ್ಟಾಗುತ್ತದೆ. ಅದೇ ಟಿವಿ ಫಿಕ್ಸೆಡ್ ಬ್ರಾಕೆಟ್‌ನಲ್ಲಿ ಗೋಡೆಯಿಂದ 3 ಸೆಂ.ಮೀ. ದೂರದಲ್ಲಿದ್ದರೆ ಈ ಎಳೆತ ಎರಡೂವರೆ ಕೆಜಿಯೂ ಆಗದು. ಚಾಚಿದ ಟಿವಿಗೆ ಮಗುವೊಂದು ಜೋತುಬಿದ್ದರೆ ಏನಾದೀತು, ನೀವೇ ಲೆಕ್ಕ ಹಾಕಿ.

ಗೋಡೆಯ ಜಾತಿ ಗೊತ್ತಾಗುವುದು ಡ್ರಿಲ್ಲಿನ ಪುಡಿಯಲ್ಲಿ. ಮೊದಲು ಪುಟ್ಟಿಯ ಬಿಳಿ ಪುಡಿ, ಆಮೇಲೆ ಪ್ಲಾಸ್ಟರಿನ ಬೂದಿ ಬಣ್ಣ, ಆಮೇಲೆ ಕೆಂಪು ಬಂದರೆ ಇಟ್ಟಿಗೆ. ಕೊನೆಯವರೆಗೂ ಬೂದಿ ಬಣ್ಣವೇ ಬಂದು ಬಿಟ್ ಒಂದೇ ಸಮನೆ ಇಳಿದರೆ ಸಾಲಿಡ್ ಬ್ಲಾಕ್. ಎರಡಕ್ಕೂ 10 ಮಿ.ಮೀ. ದಪ್ಪ, 8 ಸೆಂ.ಮೀ. ಉದ್ದದ ನೈಲಾನ್ ಪ್ಲಗ್ ಸರಿ. ಡಬ್ಬದ ಪ್ಲಗ್ ಗಿಡ್ಡವಾಗಿದ್ದರೆ ಪ್ಲಾಸ್ಟರೇ ಎರಡು ಸೆಂ.ಮೀ. ನುಂಗಿಬಿಡುತ್ತದೆ, ಇಟ್ಟಿಗೆಯಲ್ಲಿ ಸಿಗುವ ಹಿಡಿತ ಅಷ್ಟಕ್ಕಷ್ಟೇ. ತೂತು ಇಟ್ಟಿಗೆಯ ನಡುವೆ ಬೀಳಬೇಕು, ಗಾರೆಯ ಸಂದಿಯಲ್ಲಿ ಅಲ್ಲ. ಒಳಗಿನ ಪುಡಿಯನ್ನು ಸೈಕಲ್ ಪಂಪಿನಲ್ಲಾದರೂ ಊದಿ ತೆಗೆಯಿರಿ. ಬಹಳ ಮಂದಿ ಬಿಟ್ಟುಬಿಡುವ ಕೆಲಸ ಇದೇ.

ಬಿಟ್ ಇದ್ದಕ್ಕಿದ್ದಂತೆ ಒಳಗೆ ನುಗ್ಗಿದರೆ ಹಾಲೋ ಬ್ಲಾಕ್, ಅಂದರೆ ಒಳಗೆ ಪೊಳ್ಳು. ಅಲ್ಲಿ ಪ್ಲಗ್ ಸುಮ್ಮನೆ ಗಿರಗಿರ ತಿರುಗುತ್ತದೆ. ತೂತಿಗೆ ಜಾಲರಿಯ ಕೊಳವೆ ತೂರಿಸಿ, ಅದರೊಳಗೆ ಕೆಮಿಕಲ್ ಆಂಕರ್ (ಕಲ್ಲಿನಂತೆ ಗಟ್ಟಿಯಾಗುವ ಅಂಟು) ತುಂಬಿ, ಥ್ರೆಡ್ ರಾಡ್ ಕೂರಿಸಿ, ಟ್ಯೂಬಿನ ಮೇಲೆ ಬರೆದಷ್ಟು ಹೊತ್ತು ಒಣಗಲು ಬಿಡಬೇಕು. ಜಂಬಿಟ್ಟಿಗೆ ಗೋಡೆಗೂ ಕೆಮಿಕಲ್ ಆಂಕರೇ ಲೇಸು. ಅದರಲ್ಲಿ ಡ್ರಿಲ್ಲಿನ ಹ್ಯಾಮರ್ (ಕುಟ್ಟುವ ಮೋಡ್) ಆಫ್ ಮಾಡಿ ಕೊರೆಯದಿದ್ದರೆ ತೂತು ಬೇಕಾದ್ದಕ್ಕಿಂತ ದೊಡ್ಡದಾಗಿಬಿಡುತ್ತದೆ. ಹಿಗ್ಗಿ ಹಿಡಿಯುವ ಕಬ್ಬಿಣದ ಆಂಕರ್ ಬೋಲ್ಟ್ ಕಾಂಕ್ರೀಟ್ ಕಂಬಕ್ಕೆ ಸರಿ, ಮೆತ್ತನೆಯ ಕಲ್ಲನ್ನು ಅದು ಸೀಳುತ್ತದೆ. ಹಳೆಯ ಮಣ್ಣಿನ ಗೋಡೆಯಾದರೆ ಈ ಬ್ರಾಕೆಟ್ ಬೇಡವೇ ಬೇಡ. ನೆಲದಿಂದ ನಿಲ್ಲುವ ಸ್ಟ್ಯಾಂಡ್ ತನ್ನಿ.

ಟಿವಿ ಬೆನ್ನಿನ ಕಡೆ ಸಮಸ್ಯೆ ಸ್ಕ್ರೂ ಉದ್ದದ್ದು. ತೂತಿನ ಆಳವನ್ನು ಒಂದು ಕಡ್ಡಿಯಲ್ಲಿ ಅಳೆದು, ಪ್ಲೇಟು ಮತ್ತು ವಾಷರಿನ ದಪ್ಪ ಸೇರಿಸಿ ಸ್ಕ್ರೂ ಆರಿಸಿ. ಉದ್ದವಾದರೆ ಬಿಗಿಯಾದಂತೆ ಅನಿಸಿದರೂ ಪ್ಲೇಟು ಅಲ್ಲಾಡುತ್ತದೆ, ಒತ್ತಿ ತಿರುಗಿಸಿದರೆ ಪ್ಯಾನೆಲ್ಲೇ ಹೋಗುತ್ತದೆ. ಎತ್ತರಕ್ಕೆ ಟಿವಿಯ ನಡುಭಾಗ ನೆಲದಿಂದ 42 ಇಂಚು ಸಾಕು. 55 ಇಂಚಿನ ಟಿವಿಯ ಎತ್ತರ 27-28 ಇಂಚು, ಕೆಳಗಿನ ಅಂಚು 28ರ ಹತ್ತಿರ ಬರುತ್ತದೆ. ದೇವರ ಫೋಟೋದಷ್ಟು ಎತ್ತರದಲ್ಲಿ ನೇತುಹಾಕಿ ಎರಡು ಗಂಟೆ ಆಟ ಆಡಿದರೆ ಕತ್ತು ಹೇಳುತ್ತದೆ. ರಸಮಟ್ಟವನ್ನು ತೋಳು ಮಡಚಿದಾಗಲೂ, ಪೂರ್ತಿ ಚಾಚಿದಾಗಲೂ ಇಟ್ಟು ನೋಡಿ. ಅಗ್ಗದ ತೋಳು ಚಾಚಿದಾಗ ಸ್ವಲ್ಪ ಮುಂದಕ್ಕೆ ತಲೆ ಬಾಗಿಸುತ್ತದೆ, ಟಿಲ್ಟ್ ಸ್ಕ್ರೂ ಬಿಗಿ ಮಾಡಿದರೆ ಸರಿಹೋಗುತ್ತದೆ.

ಪ್ಲೇಸ್ಟೇಷನ್ನಿನ ಚಿತ್ರ, ಸದ್ದನ್ನು ಟಿವಿಗೆ ತರುವ ಎಚ್‌ಡಿಎಂಐ ಕೇಬಲ್ಲನ್ನು ಗೋಡೆಯೊಳಗೆ ಹಾಕುವುದಾದರೆ ವೈರಿಂಗಿನ 25 ಮಿ.ಮೀ. ಪೈಪು ಸಾಲದು, ಬೆಂಡಿನಲ್ಲಿ ಕೇಬಲ್ಲಿನ ತಲೆ ಸಿಕ್ಕಿಕೊಳ್ಳುತ್ತದೆ. ಎರಡು ಇಂಚಿನ ಪಿವಿಸಿ ಹಾಕಿಸಿ, ಕರೆಂಟಿನ ವೈರಿಗೆ ಬೇರೆ ಪೈಪು. ಸೆಕೆಂಡಿಗೆ 120 ಚಿತ್ರ ತೋರಿಸುವ 4ಕೆ 120 ಹರ್ಟ್ಸ್‌ನಲ್ಲಿ ಆಡಲು ಅಲ್ಟ್ರಾ ಹೈ ಸ್ಪೀಡ್, ಅಂದರೆ ಸೆಕೆಂಡಿಗೆ 48 ಗಿಗಾಬಿಟ್ (48 ಜಿಬಿಪಿಎಸ್) ಸಾಗಿಸುವ ಕೇಬಲ್ ಬೇಕು. ಮಾಮೂಲಿ ತಾಮ್ರದ ಕೇಬಲ್ಲಾದರೆ 3 ಮೀಟರ್ ಒಳಗಿರಲಿ. ಉದ್ದ ಹೆಚ್ಚಾದರೆ ಪರದೆ ಆಗಾಗ ಕಪ್ಪಾಗುತ್ತದೆ, ಜನ ಟಿವಿಯನ್ನು ಬೈಯುತ್ತಾರೆ. ಅಲ್ಲಿ ಬೆಳಕಿನ ಎಳೆಯಲ್ಲಿ ಸಂಕೇತ ಸಾಗಿಸುವ ಆಪ್ಟಿಕಲ್ ಎಚ್‌ಡಿಎಂಐ ಹಾಕಿ. ಅದಕ್ಕೆ ದಿಕ್ಕಿದೆ: ಟಿವಿ ಕಡೆಯ ತುದಿ ಟಿವಿಗೇ ಹೋಗಬೇಕು. ತೋಳಿನ ಹತ್ತಿರ ಎರಡು ಅಡಿ ಕೇಬಲ್ ಸಡಿಲ ಬಿಡದಿದ್ದರೆ ಎಳೆದಾಗ ಪೋರ್ಟ್ ಮುರಿಯುತ್ತದೆ.

ಪ್ಲೇಸ್ಟೇಷನ್ 5ರ ಸ್ಲಿಮ್ ಡಿಸ್ಕ್ ಮಾದರಿ 3.2 ಕೆಜಿ, ಮೊದಲಿನದು 4.5 ಕೆಜಿ. ತೂಕ ದೊಡ್ಡದಲ್ಲ. ಆದರೆ ಬಿಸಿಗಾಳಿ ಹಿಂಬದಿಯಿಂದ ಬರುವುದರಿಂದ ಆ ಕಡೆ 10 ಸೆಂ.ಮೀ. ಖಾಲಿ ಇರಲಿ. ಅದನ್ನಿಡುವ ಗೂಡಿಗೆ ಬಡಗಿ ಚೆಂದಕ್ಕೆಂದು ಬಾಗಿಲು ಕೂರಿಸಿದರೆ ಕಳಚಿಸಿ.

ಕರೆಂಟಿನ ವಿಷಯ. ಮನೆಯ ಇನ್ವರ್ಟರ್ ನಾರ್ಮಲ್ ಮೋಡಿನಲ್ಲಿದ್ದರೆ, ಕರೆಂಟ್ ಹೋಗಿ ಬ್ಯಾಟರಿಗೆ ಬದಲಾಗುವಷ್ಟರಲ್ಲಿ ಆಟದ ನಡುವೆ ಪ್ಲೇಸ್ಟೇಷನ್ ಆಫ್ ಆಗಬಹುದು. ಯುಪಿಎಸ್ ಮೋಡಿನಲ್ಲಿ ಬದಲಾವಣೆ ಬೇಗ, ಆದರೆ ಸಂಜೆ ವೋಲ್ಟೇಜ್ 180ಕ್ಕಿಂತ ಕೆಳಗಿಳಿಯುವ ಎಸ್ಟೇಟ್ ಕಡೆ ಅದು ಸುಮ್ಮಸುಮ್ಮನೆ ಬ್ಯಾಟರಿ ತಿನ್ನುತ್ತದೆ. ಬೇಸಿಗೆಯ ಗುಡುಗು ಮಳೆಯಲ್ಲಿ ಕರೆಂಟಿನ ಪ್ಲಗ್ ಕಿತ್ತರಷ್ಟೇ ಸಾಲದು, ಡಿಶ್ಶಿನ ಕೇಬಲ್ಲನ್ನೂ ಸೆಟ್‌ಟಾಪ್ ಬಾಕ್ಸಿನಿಂದ ಬಿಚ್ಚಿ. ಸಿಡಿಲಿನ ಪೆಟ್ಟು ಆ ದಾರಿಯಲ್ಲಿ ಬಂದು ಎಚ್‌ಡಿಎಂಐ ಮೂಲಕ ಟಿವಿಯವರೆಗೂ ತಲುಪಬಹುದು.

ಮೂಡಿಗೆರೆ, ಸಕಲೇಶಪುರದ ಕಡೆ ಮಳೆ ಹೊಡೆಯುವ ಪಶ್ಚಿಮದ ಗೋಡೆಗೆ ಟಿವಿ ಹಾಕಬೇಡಿ, ಥಂಡಿ ಒಳಗೇ ಬರುತ್ತದೆ. ತೋಳಿನ ಬೆಸುಗೆಯ ಜಾಗದಲ್ಲಿ ಪೇಂಟ್ ತೆಳ್ಳಗಿದ್ದರೆ ತುಕ್ಕು ಶುರುವಾಗುವುದು ಅಲ್ಲಿಂದಲೇ. ಗೌರಿ ಹಬ್ಬದ ಸುಣ್ಣಬಣ್ಣದ ಹೊತ್ತಿಗೆ ಟಿವಿ ಇಳಿಸಿ ಒಮ್ಮೆ ನೋಡಿ, ಗೋಡೆಯ ನಾಲ್ಕೂ ಬೋಲ್ಟಿಗೆ ಸ್ಪ್ಯಾನರ್ ಹಾಕಿ. ಯಾವುದಾದರೂ ಒಂದು ಕಾಲು ಸುತ್ತು ತಿರುಗಿದರೂ ಆ ಪ್ಲಗ್ಗನ್ನು ಬದಲಿಸಿದ ಮೇಲೆಯೇ ಟಿವಿ ಮತ್ತೆ ಏರಿಸಿ.