ಹಂದಿ ಮಾಂಸಕ್ಕೆ ಯಾವ ಹಣ್ಣು? ಒಂದೇ ಬಾಣಲೆಯಲ್ಲಿ ಐದು ಭಾನುವಾರ

ಕಳೆದ ವರ್ಷ ವಿಜಯದಶಮಿಯ ನಂತರದ ಐದು ಭಾನುವಾರಗಳಲ್ಲಿ ನಮ್ಮ ಮನೆಯ ರಾತ್ರಿಯೂಟಕ್ಕೆ ಒಂದೇ ಅಡುಗೆಯನ್ನು ಐದು ಬಗೆಯಲ್ಲಿ ಮಾಡಿದೆ. ಮಾಂಸ, ಬಾಣಲೆ, ಮಸಾಲೆ ಎಲ್ಲವೂ ಅವೇ. ಬದಲಾದದ್ದು ಹಣ್ಣು ಮಾತ್ರ. ನವರಾತ್ರಿಯ ದಿನಗಳಲ್ಲಿ ನಮ್ಮಲ್ಲಿ ಮಾಂಸ ಬೇಯುವುದಿಲ್ಲವಾದ್ದರಿಂದ ಆ ಬಳಿಕದ ಮೊದಲ ಭಾನುವಾರವನ್ನು ಎಲ್ಲರೂ ಕಾಯುತ್ತಿರುತ್ತಾರೆ. ಮಳೆ ಹಿಂದೆ ಸರಿದು ಬೆಳಗಾವಿಯ ಸಂಜೆಗಳು ತಣ್ಣಗಾಗತೊಡಗುವ ಆ ಹೊತ್ತಿಗೆ ರವಿವಾರ ಪೇಟೆಯ ಸುತ್ತಮುತ್ತ ಸೇಬು, ಪೇರಲ, ಸೀತಾಫಲ, ದಾಳಿಂಬೆ ನಾಲ್ಕೂ ಒಟ್ಟಿಗೇ ಸಿಗುತ್ತವೆ. ಯುರೋಪಿನಲ್ಲಿ ಸೇಬಿನ ಕೊಯ್ಲೂ ಚಳಿಗಾಲಕ್ಕೆ ಮುನ್ನ ಹಂದಿ ಕಡಿಯುವ ಕಾಲವೂ ಹೆಚ್ಚುಕಡಿಮೆ ಒಟ್ಟಿಗೇ ಬರುವುದರಿಂದ ಇವೆರಡರ ಜೋಡಿ ಅಲ್ಲಿ ಹಳೆಯದು. ಆ ಜೋಡಿಯನ್ನು ನಮ್ಮೂರಿಗೆ ಹಾಗೆಯೇ ತಂದರೆ ನಿಂತೀತೇ, ಅಥವಾ ನಮ್ಮ ನೆಲದ ಹಣ್ಣೇ ಮೇಲಾದೀತೇ ಎಂದು ನೋಡಬೇಕೆನಿಸಿತ್ತು.

ಮೊದಲು ಎಲ್ಲ ಬಗೆಗೂ ಸಮಾನವಾದದ್ದನ್ನು ಹೇಳಿಬಿಡುತ್ತೇನೆ. ಕ್ಯಾಂಪ್ ಭಾಗದಿಂದ ತಂದ 700 ಗ್ರಾಂ ಹಂದಿ ಮಾಂಸ, ಅದೂ ಭುಜದ ಭಾಗ, ಕೊಬ್ಬು ಉಳಿಸಿಕೊಂಡು ಎರಡು ಬೆರಳಗಲದ ತುಂಡುಗಳಾಗಿ ಕತ್ತರಿಸಿದ್ದು. ಬೆನ್ನಿನ ತೆಳುಮಾಂಸ ನೋಡಲು ಚೆಂದ, ಆದರೆ ಮುಕ್ಕಾಲು ಗಂಟೆ ಬೆಂದರೆ ನಾರು ನಾರಾಗುತ್ತದೆ. ಭುಜದಲ್ಲಿರುವ ಗಟ್ಟಿ ಪೊರೆಗಳು ನಿಧಾನವಾಗಿ ಕರಗಿ ಸಾರಿಗೆ ಮೈ ಕೊಡುತ್ತವೆ. ಉಪ್ಪು, ಕುಟ್ಟಿದ ಕರಿಮೆಣಸು, ಒಂದು ಚಮಚ ಬ್ಯಾಡಗಿ ಖಾರದ ಪುಡಿ, ಶುಂಠಿ-ಬೆಳ್ಳುಳ್ಳಿ, ಗೋವೆಯಿಂದ ಬರುವ ತೆಂಗಿನ ಸೇಂದಿಯ ವಿನಿಗರ್ ಒಂದು ಚಮಚ ಸವರಿ ಒಂದು ಗಂಟೆ ಇಡುತ್ತೇನೆ. ಬೀಡುಕಬ್ಬಿಣದ ಬಾಣಲೆಗೆ ಎಣ್ಣೆ ಹಾಕದೆ, ಕೊಬ್ಬಿನ ಬದಿಯನ್ನು ಕೆಳಗೆ ಮಾಡಿ ತುಂಡುಗಳನ್ನು ಎರಡು ಸಲಕ್ಕೆ ಹಂಚಿ ಕೆಂಪಗೆ ಹುರಿದು, ಅದೇ ಕೊಬ್ಬಿನಲ್ಲಿ ಎರಡು ಉಳ್ಳಾಗಡ್ಡಿ, ಚೂರು ದಾಲ್ಚಿನ್ನಿ, ಎರಡು ಲವಂಗ ಬಾಡಿಸಿ, ಒಂದು ಲೋಟ ಬಿಸಿನೀರು ಸುರಿದು, ಮುಚ್ಚಳ ಮುಚ್ಚಿ ಸಣ್ಣ ಉರಿಯಲ್ಲಿ 50 ನಿಮಿಷ ಬಿಡುತ್ತೇನೆ. ಅಮೆರಿಕದ ಕೃಷಿ ಇಲಾಖೆ 2011ರಿಂದ ಇಡೀ ತುಂಡಿಗೆ 63 ಡಿಗ್ರಿ ಸೆಲ್ಸಿಯಸ್ ಶಾಖ ಮತ್ತು ಮೂರು ನಿಮಿಷದ ವಿಶ್ರಾಂತಿ ಸಾಕೆನ್ನುತ್ತದೆ. ಆದರೆ ಲಾಡಿಹುಳುವಿನ ಭಯ ಇನ್ನೂ ಪೂರ್ತಿ ಹೋಗದ ನಮ್ಮಲ್ಲಿ ಒಳಗೆ ಗುಲಾಬಿ ಬಣ್ಣ ಉಳಿಸುವ ಸಾಹಸ ನನಗೆ ಬೇಡ, ಭುಜದ ಮಾಂಸಕ್ಕೆ ಅದು ಒಗ್ಗುವುದೂ ಇಲ್ಲ.

ಮೊದಲ ಭಾನುವಾರ ಸೇಬು. ಆ ದಿನಗಳಲ್ಲಿ ಇಲ್ಲಿಗೆ ಬರುವುದು ಬಹುಪಾಲು ಕಾಶ್ಮೀರ ಮತ್ತು ಹಿಮಾಚಲದ ಡೆಲಿಷಿಯಸ್ ಜಾತಿಯ ಕೆಂಪು ಹಣ್ಣು, ಕಚ್ಚಿ ತಿನ್ನಲು ಸೊಗಸಾದದ್ದು. ಬಾಣಲೆಯಲ್ಲಿ ಮಾತ್ರ ಅದು ನನ್ನನ್ನು ನಿರಾಸೆಗೊಳಿಸಿತು. ಕೊನೆಯ 15 ನಿಮಿಷಕ್ಕೆ ಹಾಕಿದ ಹೋಳುಗಳಲ್ಲಿ ಅರ್ಧದಷ್ಟು ಕರಗಿ ಬೂದಿಯಂಥ ಗಂಜಿಯಾದವು, ಉಳಿದರ್ಧ ಸಿಪ್ಪೆಗೆ ಜೋತುಕೊಂಡು ನಿಂತವು. ರುಚಿಯಲ್ಲಿ ಸಿಹಿ ಇತ್ತು, ಹುಳಿ ಇರಲಿಲ್ಲ. ಹಂದಿಯ ಕೊಬ್ಬಿನೊಡನೆ ಹಣ್ಣು ಬೇಯಿಸುವುದು ಸಿಹಿಗಾಗಿ ಎಂಬುದು ಅರ್ಧ ಸತ್ಯ. ನಾಲಿಗೆಗೆ ಅಂಟುವ ಜಿಡ್ಡನ್ನು ಕತ್ತರಿಸಲು ಹುಳಿ ಬೇಕು, ಗೋವೆಯವರು ವಿಂದಾಲೂಗೆ ಸುರಿಯುವ ವಿನಿಗರ್ ಆ ಕೆಲಸವನ್ನೂ ಮಾಡುತ್ತದೆ. ಮರುವಾರ, ಅಂದರೆ ಎರಡನೆಯ ಭಾನುವಾರ, ಹಟ ಬಿಡದೆ ಆಮದಿನ ಹಸಿರು ಸೇಬು, ಗ್ರ್ಯಾನಿ ಸ್ಮಿತ್, ಕೊಂಡು ತಂದೆ. ಅದು ಹೋಳಾಗಿಯೇ ಉಳಿಯಿತು, ಹುಳಿಯೂ ಸರಿಯಾಗಿತ್ತು. ಐದರ ಪೈಕಿ ಪರದೇಶದ ರೂಪಕ್ಕೆ ಅತಿ ಹತ್ತಿರವಾದ ಊಟ ಅದೇ. ಆದರೆ ಗಾಡಿಯ ತುಂಬ ಊರಿನ ಪೇರಲ ಹರವಿಕೊಂಡು ಕುಳಿತವರನ್ನು ದಾಟಿ ಹೋಗಿ, ಸ್ಟಿಕ್ಕರ್ ಅಂಟಿಸಿದ ನಾಲ್ಕು ಹಣ್ಣಿಗೆ ಅಷ್ಟು ಹಣ ಕೊಟ್ಟದ್ದು ಮನಸ್ಸಿನಲ್ಲಿ ಚುಚ್ಚುತ್ತಲೇ ಇತ್ತು.

ಮೂರನೆಯ ವಾರದ ಪೇರಲದ ಬಗ್ಗೆ ಸ್ವಲ್ಪ ವಿವರವಾಗಿಯೇ ಬರೆಯಬೇಕು, ಏಕೆಂದರೆ ನನ್ನ ಮಟ್ಟಿಗೆ ಈ ಹೋಲಿಕೆಯಲ್ಲಿ ಗೆದ್ದದ್ದು ಅದೇ. ಮಾಗಿ ಮೆತ್ತಗಾದ ಹಣ್ಣು ಬೇಡ. ಉಗುರು ಒತ್ತಿದರೆ ಅಷ್ಟಕ್ಕಷ್ಟೇ ತಗ್ಗುವ, ಹಸಿರು ಹೋಗಿ ಹಳದಿ ಇನ್ನೂ ಬರದ ದೋರಗಾಯಿಯೇ ಆಗಬೇಕು. ನಾಲ್ಕು ಸೀಳಾಗಿ ಕತ್ತರಿಸಿ, ಬೀಜದ ತಿರುಳನ್ನು ಚಮಚದಿಂದ ತೆಗೆದು ಬೇರೆ ಇಟ್ಟುಕೊಂಡೆ. ಆ ತಿರುಳನ್ನು ಅರ್ಧ ಲೋಟ ನೀರಿನಲ್ಲಿ ಕಿವುಚಿ ಸೋಸಿ, ಮಾಂಸ ಅರ್ಧ ಬೆಂದಾಗ ಆ ರಸವನ್ನು ಬಾಣಲೆಗೆ ಸೇರಿಸಿದೆ. ಸೀಳುಗಳನ್ನು ಕೊನೆಯ 12 ನಿಮಿಷಕ್ಕೆ ಹಾಕಿದೆ. ಪೇರಲದಲ್ಲಿ ಪೆಕ್ಟಿನ್ ಹೇರಳ. ಅದರ ಜೆಲ್ಲಿ ಅಷ್ಟು ಸುಲಭವಾಗಿ ಕಟ್ಟುವುದು ಅದರಿಂದಲೇ. ಇಲ್ಲಿಯೂ ಅದೇ ಗುಣ ಕೆಲಸ ಮಾಡಿ, ಹಿಟ್ಟು-ಗಸಗಸೆ ಏನೂ ಇಲ್ಲದೆ ಸಾರು ತಾನಾಗಿ ಗಟ್ಟಿಯಾಯಿತು, ತುಂಡುಗಳ ಮೇಲೆ ಹೊಳಪಾಗಿ ಕುಳಿತಿತು. ದೋರಗಾಯಿಯ ಒಗರು ಜಿಡ್ಡಿಗೆ ಎದುರಾಗಿ ನಿಂತಿತು; ಹುಳಿ ಸಾಲದೆನಿಸಿದ್ದಕ್ಕೆ ಇಳಿಸುವಾಗ ಅರ್ಧ ಲಿಂಬೆ ಹಿಂಡಿದೆ. ದೋಷವೂ ಇದೆ. ಬೇಯುವಾಗ ಪೇರಲದ ವಾಸನೆ ಮನೆಯ ತುಂಬ ಹಬ್ಬುತ್ತದೆ, ಅದು ಎಲ್ಲರಿಗೂ ಹಿತವಲ್ಲ. ನನ್ನ ಮಗಳು ಆ ಸಂಜೆ ಓದುವ ಪುಸ್ತಕ ಹಿಡಿದು ಮಹಡಿಗೆ ಹೋಗಿ ಕುಳಿತಳು, ಊಟಕ್ಕೆ ಕರೆದಾಗ ಇಳಿದು ಬಂದು ಎರಡು ಸಲ ಬಡಿಸಿಕೊಂಡಳು.

ದಾಳಿಂಬೆಯ ಮೇಲೆ ನನಗೆ ದೊಡ್ಡ ಭರವಸೆಯಿತ್ತು. ಬಾಗಲಕೋಟೆ ಕಡೆಯಿಂದ ಬರುವ ಭಗವಾ ಜಾತಿಯ ಹಣ್ಣು, ಮಾಣಿಕ್ಯದಂಥ ಕಾಳು; ರಸ ಹಿಂಡಿ ಅದರಲ್ಲೇ ಮಾಂಸ ಬೇಯಿಸಿದರೆ ಬಣ್ಣವೇ ಊಟ ಮಾಡಿಸೀತು ಎಂದುಕೊಂಡಿದ್ದೆ. ಆದದ್ದು ಬೇರೆ. ದಾಳಿಂಬೆಯ ರಸದಲ್ಲಿರುವ ಟ್ಯಾನಿನ್ ಎಂಬ ಒಗರಿನ ಅಂಶ ಕಬ್ಬಿಣಕ್ಕೆ ತಗಲಿದರೆ ಮಸಿಯ ಬಣ್ಣಕ್ಕೆ ತಿರುಗುತ್ತದೆಂಬುದನ್ನು ನಾನು ಮರೆತಿದ್ದೆ. ಮುಚ್ಚಳ ತೆಗೆದಾಗ ಬಾಣಲೆಯಲ್ಲಿದ್ದದ್ದು ಕಾಡಿಗೆಯಂಥ ಸಾರು, ನಾಲಿಗೆಗೆ ಲೋಹದ ಛಾಯೆ ಬೇರೆ. ಪೇರಲದ ಒಗರೂ ಕಬ್ಬಿಣದಲ್ಲಿ ಕೊಂಚ ಕಪ್ಪಾಗುವುದುಂಟು, ಕಂದು ಸಾರಿನಲ್ಲಿ ಅದು ಕಣ್ಣಿಗೆ ಬೀಳುವುದಿಲ್ಲ, ದಾಳಿಂಬೆಯದು ಮುಚ್ಚಿಡುವಂಥದ್ದಲ್ಲ. ಆ ವಾರದ ನಡುವೆ ಸ್ಟೀಲ್ ಪಾತ್ರೆಯಲ್ಲಿ ಅರ್ಧ ಪ್ರಮಾಣದಲ್ಲಿ ಮತ್ತೆ ಮಾಡಿ ನೋಡಿದೆ. ಬಣ್ಣ ಉಳಿಯಿತು, ಆದರೆ ಭಗವಾ ಸಿಹಿ ಜಾತಿಯಾದ್ದರಿಂದ ರಸ ಇಂಗಿದಷ್ಟೂ ಪಾನಕವನ್ನು ಕುದಿಸಿದಂತಾಯಿತು, ಬೆಂದ ಕಾಳುಗಳು ಬಣ್ಣ ಬಿಟ್ಟು ಹಲ್ಲಿಗೆ ಸಿಕ್ಕುವ ಬೀಜಗಳಾಗಿ ಉಳಿದವು. ಹಸಿ ಕಾಳನ್ನು ಕೊನೆಗೆ ಮೇಲೆ ಉದುರಿಸಿದರೆ ಚೆನ್ನ. ಆದರೆ ಅದು ಅಲಂಕಾರ, ಬಾಣಲೆಯ ಒಡನಾಡಿಯಲ್ಲ.

ಸೀತಾಫಲವನ್ನು ಪಂದ್ಯಕ್ಕೇ ಇಳಿಸಲಿಲ್ಲ. ಬಿಸಿಗೆ ಅದರ ತಿರುಳು ಕಹಿಯಾಗುತ್ತದೆ. ಬಾಸುಂದಿ ಮಾಡುವವರು ಹಾಲು ಆರಿದ ಮೇಲೆಯೇ ಅದನ್ನು ಬೆರೆಸುವುದು ಈ ಕಾರಣಕ್ಕೆ.

ಐದನೆಯ ಭಾನುವಾರಕ್ಕೆ ದ್ರಾಕ್ಷಿ ಎಂದಾಗ ತಿಕೋಟಾದ ನನ್ನ ಹೆಂಡತಿಯ ಕಡೆಯವರು ನಕ್ಕರು. ಅಕ್ಟೋಬರಿನಲ್ಲಿ ವಿಜಯಪುರದ ತೋಟಗಳಲ್ಲಿ ಹಣ್ಣೆಲ್ಲಿಯದು? ಏಪ್ರಿಲ್ ಚಾಟನಿ, ಅಂದರೆ ಕೊಂಬೆ ಸವರುವ ಕೆಲಸ, ಬಳ್ಳಿಯನ್ನು ಬೆಳೆಸಲು, ಅಕ್ಟೋಬರ್ ಚಾಟನಿ ಫಲ ಪಡೆಯಲು. ಆ ಚಾಟನಿ ಮಾಡಿದ ಬಳ್ಳಿ ಗೊನೆ ಕೊಡುವುದು ಹೊಸ ವರ್ಷದಲ್ಲಿ. ಆದ್ದರಿಂದ ಶರತ್ಕಾಲದ ದ್ರಾಕ್ಷಿ ಎಂದರೆ ಹಿಂದಿನ ಬೇಸಿಗೆಯಲ್ಲಿ ಶೆಡ್ಡಿನ ಜಾಲರಿಯ ಮೇಲೆ ಒಣಗಿದ ಮಣುಕವೇ. ಗೊನೆಗಳನ್ನು ಪೊಟ್ಯಾಸಿಯಂ ಕಾರ್ಬೊನೇಟ್ ಮತ್ತು ಡಿಪ್ಪಿಂಗ್ ಆಯಿಲ್ ಬೆರೆಸಿದ ನೀರಿನಲ್ಲಿ ಅದ್ದುವುದು ಸಿಪ್ಪೆಯ ಮೇಣದ ಪದರ ಬಿರಿದು ನೀರಿನಂಶ ಬೇಗ ಹೊರಬೀಳಲೆಂದು. ಬಣ್ಣ ಉಳಿಯಲು ಗಂಧಕದ ಹೊಗೆ ಕೊಟ್ಟ ಹೊಂಬಣ್ಣದ ಕಾಳಿಗಿಂತ ಕಂದು ಕಾಳೇ ಈ ಅಡುಗೆಗೆ ಒಳ್ಳೆಯದು. ಹೊಗೆಯ ಘಾಟು ಕೊಬ್ಬಿನ ಜತೆ ಎದ್ದು ಕಾಣುತ್ತದೆ. ಒಂದು ಹಿಡಿ ಮಣುಕವನ್ನು ಎರಡು ಸಲ ತೊಳೆದು, ಎರಡು ಚಮಚ ವಿನಿಗರ್ ಬೆರೆಸಿದ ಬಿಸಿನೀರಿನಲ್ಲಿ ಅರ್ಧ ಗಂಟೆ ನೆನೆಸಿ, ಕೊನೆಯ 20 ನಿಮಿಷಕ್ಕೆ ನೀರಿನ ಸಮೇತ ಹಾಕಿದೆ. ನೆನೆಸದೆ ಹಾಕಿದ್ದರೆ ತಳ ಹಿಡಿದು ಸುಟ್ಟಿರುತ್ತಿತ್ತು. ಕೆಲಸದ ಲೆಕ್ಕದಲ್ಲಿ ಐದರಲ್ಲಿ ಅತಿ ಸುಲಭವಾದದ್ದು ಇದು: ಕತ್ತರಿಸುವುದಿಲ್ಲ, ಬೀಜ ತೆಗೆಯುವುದಿಲ್ಲ, ಹಣ್ಣು ಮಾಗಿತೋ ಇಲ್ಲವೋ ಎಂಬ ಚಿಂತೆಯಿಲ್ಲ. ಕೆಲಸದಿಂದ ದಣಿದು ಬಂದ ಸಂಜೆಗೆ ನಾನು ಆರಿಸುವುದು ಇದನ್ನೇ. ಆದರೆ ಬಾಯಿಗೆ ಬಾಯಿಗೆ ಸಿಹಿ ಗುಳಿಗೆ ಸಿಕ್ಕಂತಾಗಿ, ಹಣ್ಣೂ ಮಾಂಸವೂ ಒಂದಾಗಲಿಲ್ಲ, ಪೇರಲದಲ್ಲಿ ಒಂದಾಗಿದ್ದವು.

ಜೋಡಿಯ ಮಾತೂ ಬೇರೆ ಬೇರೆ. ಪೇರಲದ ಗಟ್ಟಿ ಸಾರಿಗೆ ಬಿಸಿ ಜೋಳದ ರೊಟ್ಟಿಯೇ ಸರಿ. ಮಣುಕದ ತೆಳುಸಾರನ್ನು ಪಾವ್ ಚೆನ್ನಾಗಿ ಹೀರುತ್ತದೆ. ಹಸಿರು ಸೇಬಿನದಕ್ಕೆ ಬರಿಯ ಅನ್ನ ಸಾಕಾಯಿತು. ಸೋಮವಾರದ ಮಾತು ಬಂದಾಗ ಮಾತ್ರ ಶ್ರೇಣಿ ತಿರುಗಿತು. ಫ್ರಿಜ್ಜಿನಲ್ಲಿಟ್ಟ ಪೇರಲದ ಸಾರು ಬೆಳಿಗ್ಗೆ ಹೊತ್ತಿಗೆ ಹಲ್ವದಂತೆ ಕಟ್ಟಿಕೊಂಡಿತ್ತು, ಬಿಸಿನೀರು ಸೇರಿಸಿ ಸಡಿಲಿಸಿದರೆ ಹಿಂದಿನ ರಾತ್ರಿಯ ಹೊಳಪು ಮರಳಲಿಲ್ಲ. ಮಣುಕದ್ದು ರಾತ್ರಿಯಿಡೀ ವಿನಿಗರ್ ಮತ್ತು ಮೆಣಸನ್ನು ಒಳಗೆಳೆದುಕೊಂಡು, ಸಿಹಿ ತಗ್ಗಿ, ಭಾನುವಾರಕ್ಕಿಂತ ಎಷ್ಟೋ ಮೇಲಾಗಿತ್ತು. ಆದ್ದರಿಂದ ಈಗ ಮನೆಮಂದಿಯೆಲ್ಲ ಒಂದೇ ಹೊತ್ತಿಗೆ ಉಣ್ಣುವ ರಾತ್ರಿ ಪೇರಲ, ಮರುದಿನದ ಡಬ್ಬಿಗೂ ಉಳಿಯಬೇಕಾದಾಗ ಮಣುಕ.