ಪೋಸ್ಟ್‌ಗ್ರೆಸ್‌ನ ಟೇಬಲ್ ಇನ್‌ಹೆರಿಟೆನ್ಸ್: ಎಂಟು ವರ್ಷ ಬಳಸಿದ ಮೇಲೆ

ಒಂದು ಕಾಲೇಜಿನ ಲೈಬ್ರರಿ ಸಾಫ್ಟ್‌ವೇರನ್ನು ಎಂಟು ವರ್ಷದಿಂದ ಪೋಸ್ಟ್‌ಗ್ರೆಸ್ ಎಂಬ ಡೇಟಾಬೇಸ್ ಮೇಲೆ ನಡೆಸುತ್ತಿದ್ದೇನೆ. ಕರೆಂಟ್ ಹೋಗಿ ಸರ್ವರ್ ದಿಢೀರ್ ಆಫ್ ಆದಾಗಲೂ ಒಂದು ಸಾಲು ಡೇಟಾ ಕಳೆದಿಲ್ಲ. ಡೇಟಾಬೇಸ್‌ಗೆ ಐದಕ್ಕೆ ಐದು ಸ್ಟಾರ್. ಆದರೆ ಅದರ 'ಇನ್‌ಹೆರಿಟ್ಸ್' ಸೌಲಭ್ಯಕ್ಕೆ, ಅಂದರೆ ಒಂದು ಟೇಬಲ್‌ನ (ಪೇರೆಂಟ್) ಕಾಲಂಗಳನ್ನು ಇನ್ನೊಂದು (ಚೈಲ್ಡ್) ಹಾಗೇ ಪಡೆಯುವ ಇನ್‌ಹೆರಿಟೆನ್ಸ್‌ಗೆ, ಎರಡೇ.

ಮೊದಲು 'ವ್ಯಕ್ತಿ' ಅಂತ ಒಂದು ಟೇಬಲ್ ಮಾಡಿ, ಅದರಡಿ 'ವಿದ್ಯಾರ್ಥಿ', 'ಸಿಬ್ಬಂದಿ' ಎಂಬ ಚೈಲ್ಡ್ ಟೇಬಲ್ ಇಟ್ಟೆ. ಹೆಸರು, ಫೋನ್ ನಂಬರ್ ಕಾಲಂಗಳನ್ನು ಒಮ್ಮೆ ಬರೆದರೆ ಎರಡಕ್ಕೂ ಬರುತ್ತವೆ. ನೋಡಲು ಚೆಂದ. ಆದರೆ ಪುಸ್ತಕ ಕೊಟ್ಟ ದಾಖಲೆಯಿಂದ 'ವ್ಯಕ್ತಿ'ಗೆ ಫಾರಿನ್ ಕೀ (ಇಲ್ಲಿ ಬರೆದ ಐಡಿ ಆ ಟೇಬಲ್‌ನಲ್ಲಿ ಇರಲೇಬೇಕು ಎಂಬ ನಿಯಮ) ಹಾಕಿದರೆ, ಆ ಐಡಿಯೇ ಇಲ್ಲ ಎಂದು ಎರರ್. ಚೈಲ್ಡ್ ಟೇಬಲ್‌ನ ಸಾಲುಗಳನ್ನು ಫಾರಿನ್ ಕೀ ನೋಡುವುದೇ ಇಲ್ಲ. ಬೇರೆ ದಾರಿ ಕಾಣದೆ ಆ ಫಾರಿನ್ ಕೀಯನ್ನೇ ತೆಗೆದೆ.

ಮೂರನೇ ವರ್ಷ, ಬಿ.ಎಸ್ಸಿ. ಮುಗಿಸಿದ ಹುಡುಗಿಯೊಬ್ಬಳು ಅಲ್ಲೇ ಲ್ಯಾಬ್ ಸಹಾಯಕಿಯಾದಳು. ಜೊತೆಗೆ ಎಂ.ಎಸ್ಸಿ.ಗೂ ಸೇರಿದಳು. ಈಗ ಅವಳು ಯಾವ ಟೇಬಲ್‌ಗೆ? ಒಂದೇ ಐಡಿಯಲ್ಲಿ ಎರಡಕ್ಕೂ ಹಾಕಿದೆ. ಪೋಸ್ಟ್‌ಗ್ರೆಸ್ ತಡೆಯಲಿಲ್ಲ, ಪೇರೆಂಟ್ ಟೇಬಲ್‌ನ ಪ್ರೈಮರಿ ಕೀ (ಒಂದೇ ಐಡಿ ಎರಡು ಸಲ ಬರಬಾರದು ಎಂಬ ನಿಯಮ) ಚೈಲ್ಡ್ ಟೇಬಲ್‌ಗಳಿಗೆ ಅನ್ವಯಿಸುವುದಿಲ್ಲ. ಬಾಕಿ ಪಟ್ಟಿಯಲ್ಲಿ ಅವಳ ಎರಡು ಪುಸ್ತಕ ನಾಲ್ಕಾಗಿ ಕಂಡವು. ಪಾಪ, ಸುಮ್ನೆ ಎರಡು ಪಟ್ಟು ದಂಡದ ಫೋನ್ ಹೋಯಿತು.

ಪೋಸ್ಟ್‌ಗ್ರೆಸ್ ಕೈಪಿಡಿಯಲ್ಲಿ ಈ ಮಿತಿಗಳೆಲ್ಲ ಸ್ಪಷ್ಟವಾಗಿಯೇ ಇವೆ. ಅಲ್ಲಿನ ಉದಾಹರಣೆ ಮಾತ್ರ ನನಗೆ ಒಪ್ಪಿಗೆಯಿಲ್ಲ: 'ನಗರ' ಪೇರೆಂಟ್, 'ರಾಜಧಾನಿ' ಚೈಲ್ಡ್. ಆದರೆ ರಾಜಧಾನಿ ಅನ್ನೋದು ಊರಿನ ಹುಟ್ಟುಗುಣ ಅಲ್ಲ, ಅಲ್ವಾ? 1911ರಲ್ಲಿ ರಾಜಧಾನಿಯನ್ನು ಕಲ್ಕತ್ತಾದಿಂದ ದೆಹಲಿಗೆ ಬದಲಿಸುವ ಘೋಷಣೆ ಆಯಿತು. ಕಲ್ಕತ್ತಾ ಅದೇ ಊರಾಗಿ ಉಳಿಯಿತು, ಪಾತ್ರ ಮಾತ್ರ ಹೋಯಿತು. ವಿದ್ಯಾರ್ಥಿ, ಸಿಬ್ಬಂದಿ ಕೂಡ ಹಾಗೇ.

ಈಗ ಮನುಷ್ಯರಿಗೆ ಒಂದೇ ಟೇಬಲ್. 'ಪಾತ್ರ' ಅಂತ ಇನ್ನೊಂದು, ಅದರಲ್ಲಿ ವ್ಯಕ್ತಿಯ ಐಡಿ, ಪಾತ್ರದ ಹೆಸರು, ಎಂದಿನಿಂದ ಎಂದಿನವರೆಗೆ ಎಂಬ ಡೇಟ್‌ರೇಂಜ್. ಫಾರಿನ್ ಕೀ ಮತ್ತೆ ಬಂತು. ಬಿಟ್ರೀ ಜಿಸ್ಟ್ (btree_gist) ಎಂಬ ಎಕ್ಸ್‌ಟೆನ್ಷನ್ ಹಾಕಿ, ಒಂದಕ್ಕೊಂದು ಡಿಕ್ಕಿಯಾಗುವ ಸಾಲುಗಳನ್ನು ತಡೆಯುವ ಎಕ್ಸ್‌ಕ್ಲೂಷನ್ ಕನ್‌ಸ್ಟ್ರೈಂಟ್ ಕೊಟ್ಟರೆ, ಒಬ್ಬರಿಗೆ ಒಂದೇ ಪಾತ್ರ ಒಂದೇ ಅವಧಿಯಲ್ಲಿ ಎರಡು ಸಲ ಬೀಳುವುದಿಲ್ಲ. ಬೇರೆ ಬೇರೆ ಪಾತ್ರ ಎಷ್ಟಾದರೂ ಇರಬಹುದು. ಈ ಭಾಗ ನನಗೆ ತುಂಬಾ ಇಷ್ಟ. ಕ್ವೆರಿಗಳಲ್ಲಿ ಜಾಯಿನ್ (ಟೇಬಲ್‌ಗಳನ್ನು ಜೋಡಿಸುವುದು) ಸ್ವಲ್ಪ ಜಾಸ್ತಿ, ನಿಜ. ದೊಡ್ಡ ಟೇಬಲ್ ಒಡೆಯೋಕೆ ಇನ್‌ಹೆರಿಟೆನ್ಸ್ ಬೇಕು ಅನ್ನುವವರಿಗೆ 2017ರ 10ನೇ ಆವೃತ್ತಿಯಿಂದ ಪಾರ್ಟಿಷನಿಂಗೇ ಇದೆ.

ಆ ಹುಡುಗಿ ಈಗ ಅತಿಥಿ ಉಪನ್ಯಾಸಕಿ. ಹಳೆಯ ಪಾತ್ರಕ್ಕೆ ಕೊನೆಯ ದಿನಾಂಕ ಹಾಕಿ ಹೊಸ ಸಾಲು ಸೇರಿಸಿದೆ. ಲೈಬ್ರರಿ ಕಾರ್ಡ್ ನಂಬರ್ ಮಾತ್ರ ಬಿ.ಎಸ್ಸಿ. ಮೊದಲ ದಿನ ಕೊಟ್ಟದ್ದೇ.