ಸ್ಪಂಜ್ ಫಿಲ್ಟರಿನ 25 ಲೀಟರ್ ಕ್ವಾರಂಟೈನ್ ಟ್ಯಾಂಕ್ ಸೆಟ್: ಕಾಸರಗೋಡಿನ ಬಾವಿ ನೀರಿನಲ್ಲಿ ಹೇಗಿದೆ?

ಸ್ಪಂಜ್ ಒಳ್ಳೆಯದು, ಹೀಟರ್ ಪರವಾಗಿಲ್ಲ, ಜತೆಗೆ ಬರುವ ಪಂಪು ನೆಚ್ಚುವಂಥದ್ದಲ್ಲ. 50 ವಾಟ್ ಹೀಟರ್, ಜೋಡಿ ಸ್ಪಂಜ್, ಏರ್ ಪಂಪ್ ಇರುವ ಈ ಸೆಟ್ಟನ್ನು ಮಳೆಗಾಲದಲ್ಲೂ ಬೇಸಿಗೆಯಲ್ಲೂ ಓಡಿಸಿ ನೋಡಿದ ಮೇಲಿನ ಅಭಿಪ್ರಾಯ ಇದು. ಹೊಸ ಮೀನನ್ನು ನಾಲ್ಕು ವಾರ ಬೇರೆ ಇಡಲಿಕ್ಕೆ ಗಾತ್ರ ಸಾಕು. ಜಲ್ಲಿ, ಗಿಡ ಹಾಕಬೇಡಿ. ಅಡಗಲಿಕ್ಕೆ ಪಿವಿಸಿ ಪೈಪಿನ ತುಂಡು ಇದ್ದರಾಯಿತು.

ಪೆಟ್ಟಿಗೆಯಿಂದ ತೆಗೆದ ಸ್ಪಂಜ್ ಬರೀ ಕಸ ಹಿಡಿಯುತ್ತದೆ, ಮೀನಿನ ಹೊಲಸಿನಿಂದ ಬರುವ ಅಮೋನಿಯಾ ತೆಗೆಯುವುದಿಲ್ಲ. ಅಮೋನಿಯಾ ತಿನ್ನುವ ಬ್ಯಾಕ್ಟೀರಿಯಾ ಅದರಲ್ಲಿ ನೆಲೆಸಲು ರೋಗವಿಲ್ಲದ ದೊಡ್ಡ ಟ್ಯಾಂಕಿನಲ್ಲಿ ಐದಾರು ವಾರ ಓಡಿಸಿಡಬೇಕು. ಮೀನು ಸೊರಗಿದ ದಿನ ಸ್ಪಂಜ್ ಹುಡುಕಲು ಹೊರಟರೆ ದಿನಾ ಮೂರನೇ ಒಂದು ಪಾಲು ನೀರು ಬದಲಿಸುವುದೇ ಗತಿ.

ನಮ್ಮ ಮುರಕಲ್ಲಿನ ಬಾವಿಗಳ ನೀರು ಮೆದು, ಹುಳಿ. ಪಿಎಚ್ 6ರ ಕೆಳಗೆ ಹೋದರೆ ಸ್ಪಂಜಿನ ಬ್ಯಾಕ್ಟೀರಿಯಾ ಮಂದವಾಗಿ ಅಮೋನಿಯಾ ಒಟ್ಟಾಗುತ್ತದೆ. ಹುಳಿ ನೀರಿನಲ್ಲಿ ಅದು ಹೆಚ್ಚಾಗಿ ಅಮೋನಿಯಂ ಆಗಿರುವುದರಿಂದ ಮೀನು ತಡೆದುಕೊಳ್ಳುತ್ತದೆ. ಆಗ ಅವಸರದಲ್ಲಿ ಪಿಎಚ್ ಏರಿಸಿದರೆ ಅದೇ ವಿಷವಾಗಿ ತಿರುಗುತ್ತದೆ. ಆದ್ದರಿಂದ ಪಿಎಚ್ ಏರಿಸಲು ತೊಳೆದ ಮರುವಾಯಿ ಚಿಪ್ಪನ್ನು ಒಂದು ಹಿಡಿ ಬಲೆಚೀಲದಲ್ಲಿ ಹಾಕುವುದಿದ್ದರೆ ಮೀನು ಬಿಡುವ ಮೊದಲೇ ಹಾಕಿ. (ಚಿಪ್ಪು ದುಡ್ಡು ಕೊಟ್ಟು ತರುವ ವಸ್ತುವಲ್ಲ, ಕರಾವಳಿಯವರಿಗೆ ಹೇಳಬೇಕೇ?)

ಬಿಳಿಚುಕ್ಕೆ ರೋಗಕ್ಕೆ ಈ ಸೆಟ್ ಚೆನ್ನಾಗಿ ಒದಗುತ್ತದೆ. ಮೈಮೇಲಿನ ಚುಕ್ಕೆಯೊಳಗಿನ ಪರಾವಲಂಬಿಗೆ ಮದ್ದು ತಾಗುವುದಿಲ್ಲ. ಅದು ಉದುರಿ, ಒಡೆದು, ಮರಿಗಳು ನೀರಿನಲ್ಲಿ ಈಜುವಾಗ ಮಾತ್ರ ಸಾಯುತ್ತವೆ. ಬಿಸಿ ಏರಿಸಿದಷ್ಟೂ ಈ ಸುತ್ತು ಬೇಗ ಮುಗಿಯುತ್ತದೆ. ದಿನಕ್ಕೆ ಒಂದೆರಡು ಡಿಗ್ರಿಯಂತೆ 30ಕ್ಕೆ ತನ್ನಿ. ಕಲ್ಲುಪ್ಪು ಲೀಟರಿಗೆ 2 ಗ್ರಾಂ, ಅಂದರೆ ಟ್ಯಾಂಕಿನಲ್ಲಿ ನಿಜಕ್ಕೂ ತುಂಬುವ 22 ಲೀಟರ್ ನೀರಿಗೆ 44 ಗ್ರಾಂ. ಕರಗಿಸಿ ಒಂದು ದಿನದಲ್ಲಿ ಮೂರು ಸಲವಾಗಿ ಹಾಕಿ. ಉಪ್ಪು ಅಷ್ಟಾಗಿ ತಡೆಯದ ಲೋಚ್, ಕೋರಿಡೋರಸ್ ಜಾತಿಯ ಮೀನುಗಳಿಗೆ ಅರ್ಧ ಸಾಕು. 8 ಲೀಟರ್ ಬದಲಿಸಿದರೆ 16 ಗ್ರಾಂ ಮಾತ್ರ ಮತ್ತೆ ಸೇರಿಸಿ. ಆವಿಯಾದ ನೀರು ತುಂಬುವಾಗ ಉಪ್ಪು ಬೇಡ. ಚುಕ್ಕೆ ಮಾಯವಾಯಿತೆಂದು ನಿಲ್ಲಿಸಿದರೆ ಮತ್ತೆ ಬರುತ್ತದೆ, ಎರಡು ವಾರ ಪೂರ್ತಿ ಮಾಡಿ.

ಈ ಪ್ರಮಾಣದ ಉಪ್ಪಿನಿಂದ ಸ್ಪಂಜಿಗೆ ತೊಂದರೆ ಇಲ್ಲ. ಮೆಥಿಲೀನ್ ಬ್ಲೂ ಎಂಬ ನೀಲಿ ಮದ್ದು ಹಾಗಲ್ಲ, ಬ್ಯಾಕ್ಟೀರಿಯಾವನ್ನು ಕೊಲ್ಲುತ್ತದೆ, ಗಾಜಿನ ಸಿಲಿಕೋನನ್ನೂ ನೀಲಿ ಮಾಡುತ್ತದೆ. ಮೀನಿನ ಮೈಗೆ ಹಿಡಿದ ಬೂಸ್ಟಿಗೆ ಅದು ಬೇಕಾದರೆ ಬೇರೆ ಬಕೆಟಿನಲ್ಲಿ ಏರ್ ಸ್ಟೋನ್ (ಗಾಳಿಗುಳ್ಳೆ ಬಿಡುವ ಕಲ್ಲು) ಇಟ್ಟು, ಬಾಟ್ಲಿಯ ಅಳತೆಯಂತೆ ಸ್ನಾನ ಮಾಡಿಸಿ.

ಹೀಟರಿನ ಗುಂಡಿಯಲ್ಲಿ 30 ಇದ್ದರೂ ನೀರಿನಲ್ಲಿ ಒಂದೆರಡು ಡಿಗ್ರಿ ವ್ಯತ್ಯಾಸ ಬರುತ್ತದೆ, ಬೇರೆ ಥರ್ಮಾಮೀಟರ್ ಇಡಿ. ನೀರು ತೆಗೆಯುವ ಕಾಲು ಗಂಟೆ ಮೊದಲೇ ಪ್ಲಗ್ ಕಳಚಿ, ಇಲ್ಲದಿದ್ದರೆ ಹೀಟರಿನ ಗಾಜು ಸೀಳಬಹುದು.

ಪಂಪಿನ ಜತೆ ಚೆಕ್ ವಾಲ್ವ್ ಕೊಟ್ಟಿಲ್ಲ. ಕರೆಂಟು ಹೋದರೆ ನೀರು ಟ್ಯೂಬಿನಲ್ಲಿ ಹಿಂದಕ್ಕೆ ಹರಿದು ಪಂಪಿನೊಳಗೆ ಇಳಿಯಬಹುದು, ಅದಕ್ಕೇ ಪಂಪನ್ನು ನೀರಿನ ಮಟ್ಟಕ್ಕಿಂತ ಮೇಲೆ ಇಡಬೇಕು. ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ; ಮಳೆಗಾಲದ ರಾತ್ರಿ 30 ಡಿಗ್ರಿಯಲ್ಲಿ ಗಾಳಿ ನಿಂತರೆ ಮೀನು ಉಳಿಯುವುದು ಕಷ್ಟ. ಪವರ್ ಬ್ಯಾಂಕಿನಲ್ಲಿ ಓಡುವ ಯುಎಸ್‌ಬಿ ಪಂಪ್ ಬೇರೆಯೇ ಕೊಳ್ಳಿ. ಐದರಲ್ಲಿ ನಾಲ್ಕು ನಕ್ಷತ್ರ ಕೊಟ್ಟದ್ದು ಸ್ಪಂಜಿನ ದೆಸೆಯಿಂದ.